ಡೇಟಾಬೇಸಿನ ಇಂಡೆಕ್ಸ್ ‘ಸೂಚ್ಯಂಕ’ ಆಗುತ್ತದೆಯೇ?

ಪ್ರಶ್ನೆ (ಕೋಲಾರ): ಡಿಪ್ಲೊಮಾ ತರಗತಿಯ ಟಿಪ್ಪಣಿಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ. ಅನುವಾದ ತಂತ್ರಾಂಶ ಇಂಡೆಕ್ಸ್‌ಗೆ ‘ಸೂಚ್ಯಂಕ’ ಎನ್ನುತ್ತದೆ, ಇಂಡೆಕ್ಸನ್ನು ಮರದಂತೆ ಕವಲುಕವಲಾಗಿ ಜೋಡಿಸುವ ಬಿ-ಟ್ರೀಗೆ ‘ದ್ವಿಮಾನ ವೃಕ್ಷ’ (ಬೈನರಿ ಟ್ರೀ) ಎನ್ನುತ್ತದೆ. ಒಪ್ಪಬಹುದೇ? ಡೇಟಾಬೇಸಿನಿಂದ ಮಾಹಿತಿ ಕೇಳುವ ಕ್ವೆರಿಗೆ ‘ಪ್ರಶ್ನೆ’ ಸಾಕೇ?

ಉತ್ತರ: ಎರಡೂ ತಪ್ಪು ಮೇಡಂ. ಸೂಚ್ಯಂಕದಲ್ಲಿ ‘ಅಂಕ’ ಕೂತಿದೆ. ಷೇರು ಸೂಚ್ಯಂಕ, ಬೆಲೆ ಸೂಚ್ಯಂಕ ಏರುತ್ತವೆ, ಇಳಿಯುತ್ತವೆ. ಡೇಟಾಬೇಸಿನದು ಏರಿಳಿಯುವ ಅಂಕಿಯಲ್ಲ, ಯಾವ ದಾಖಲೆ ಎಲ್ಲಿದೆ ಎಂದು ತೋರಿಸುವ ಪಟ್ಟಿ. ಅದಕ್ಕೆ ‘ಸೂಚಿ’ ಸಾಕು.

ಈ ಅರ್ಥಕ್ಕೆ ಒಳ್ಳೆಯ ಮಾದರಿ ಸಬ್‌ರಿಜಿಸ್ಟ್ರಾರ್ ಕಚೇರಿಯದು. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿ ಪತ್ರಗಳು 1ನೇ ಪುಸ್ತಕಕ್ಕೆ ಸೇರುತ್ತವೆ. ಅವುಗಳಿಗೆ ಇಂಡೆಕ್ಸ್ 1 ಹೆಸರುಗಳದ್ದು, ಇಂಡೆಕ್ಸ್ 2 ಆಸ್ತಿಯ ವಿವರದ್ದು. ಪತ್ರ ಒಂದೇ, ಹುಡುಕುವ ದಾರಿ ಎರಡು. ಆದರೆ ಪ್ರತಿ ಹೊಸ ಪತ್ರಕ್ಕೂ ಎರಡೂ ಕಡೆ ಬರೆಯಬೇಕು. ಡೇಟಾಬೇಸಿನಲ್ಲೂ ಸೂಚಿ ಹೆಚ್ಚಿದಷ್ಟೂ ಹೊಸ ಸಾಲು ಸೇರಿಸುವುದು ನಿಧಾನವಾಗುವುದು ಇದೇ ಕಾರಣಕ್ಕೆ.

ಹಲವು ಕಾಲಂ ಸೇರಿದ್ದಕ್ಕೆ ‘ಸಂಯುಕ್ತ ಸೂಚಿ’ ಎನ್ನಿ. ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂಬ ಕ್ರಮದಲ್ಲಿ ಕಟ್ಟಿದ್ದರೆ ‘ವೇಮಗಲ್ ಹೋಬಳಿ’ ಎಂದಷ್ಟೇ ಕೇಳಿದರೂ ಸಿಗುತ್ತದೆ. ಬರೀ ‘ಸರ್ವೆ ನಂಬರ್ 45’ ಎಂದು ಕೇಳಿದರೆ ಸೂಚಿಯಿಂದ ಹೆಚ್ಚು ಪ್ರಯೋಜನವಿಲ್ಲ. ಆ ನಂಬರ್ ಊರೂರಿಗೂ ಇರುತ್ತದೆ, ಸೂಚಿಯ ಉದ್ದಕ್ಕೂ ಚದುರಿರುತ್ತದೆ.

ಬಿ-ಟ್ರೀಯ ‘ಬಿ’ ಮುಟ್ಟಬೇಡಿ. 1970ರ ಸುಮಾರಿಗೆ ಬೋಯಿಂಗ್‌ನಲ್ಲಿ ಇದನ್ನು ರೂಪಿಸಿದ ಬೇಯರ್ ಮತ್ತು ಮೆಕ್‌ಕ್ರೈಟ್ ಆ ಅಕ್ಷರಕ್ಕೆ ವಿಸ್ತರಣೆ ಕೊಡಲಿಲ್ಲ. ದ್ವಿಮಾನ ಅಂತೂ ಅಲ್ಲವೇ ಅಲ್ಲ. ದ್ವಿಮಾನ ವೃಕ್ಷದ ಗೆಣ್ಣಿಗೆ ಹೆಚ್ಚೆಂದರೆ ಎರಡು ಕೊಂಬೆ. ಬಿ-ಟ್ರೀಯಲ್ಲಿ ಗೆಣ್ಣೆಂದರೆ ಡಿಸ್ಕಿನಿಂದ ಒಮ್ಮೆಗೆ ಓದುವ ಒಂದು ಪುಟ. 8 ಕೆಬಿ ಪುಟಕ್ಕೆ, ನಮೂದು 20 ಬೈಟ್ ಎಂದಿಟ್ಟುಕೊಂಡರೆ, ಸುಮಾರು 400 ನಮೂದು ಹಿಡಿಯುತ್ತವೆ, ಅಂದರೆ ಸುಮಾರು 400 ಕೊಂಬೆ. ಮೂರೇ ಅಂತಸ್ತಿಗೆ 400×400×400, ಅಂದರೆ 6.4 ಕೋಟಿ. ಅಷ್ಟನ್ನೇ ಎರಡೆರಡಾಗಿ ಸೀಳುತ್ತ ಹೋದರೆ 26 ಹಂತ ಬೇಕು. ಡಿಸ್ಕಿನಿಂದ ಎಷ್ಟು ಪುಟ ಓದಬೇಕು ಎನ್ನುವುದೇ ಇಲ್ಲಿ ಲೆಕ್ಕ. ‘ದ್ವಿಮಾನ’ ಎಂದರೆ ಪಾಠದ ತಿರುಳೇ ಹೋಯಿತು. ಬೇರು, ಎಲೆ ಎಂಬ ಪದಗಳು ಮಾತ್ರ ಸೊಗಸಾಗಿ ಒಗ್ಗುತ್ತವೆ.

ಕ್ವೆರಿಯನ್ನು ಹಾಗೆಯೇ ಬಿಡಿ. ‘ಪ್ರಶ್ನೆ ಸಂಸ್ಕರಣೆ’ ಎಂದರೆ ಪರೀಕ್ಷಾ ಮಂಡಳಿಯ ಕೆಲಸದಂತೆ ಕೇಳುತ್ತದೆ.

ಇನ್ನೊಂದು ಉತ್ತರ (ತುಮಕೂರು): ಸೂಚಿಗೆ ನನ್ನದೂ ಒಪ್ಪಿಗೆ. ‘ಅಕಾರಾದಿ’ ಎಂಬ ಹಳೆಯ ಪದವನ್ನು ಸೂಚಿಗಲ್ಲ, ಪದಗಳನ್ನು ಯಾವ ಅಕ್ಷರಕ್ರಮದಲ್ಲಿ ಜೋಡಿಸಬೇಕೆಂಬ ನಿಯಮಕ್ಕೆ, ಅಂದರೆ ಕೊಲೇಶನ್‌ಗೆ ಉಳಿಸಿಕೊಳ್ಳೋಣ. ಯುನಿಕೋಡ್ ಸಂಕೇತದಲ್ಲಿ ಳ ಇರುವುದು ಲ ಪಕ್ಕದಲ್ಲೇ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದಮೇಲೆ. ಬರೀ ಸಂಕೇತದ ಕ್ರಮದಲ್ಲಿ ಸೂಚಿ ಕಟ್ಟಿದರೆ ಮಳೆ, ಮಸಿ, ಮಹಡಿ ಎಂದು ಬರುತ್ತದೆ. ನಿಘಂಟಿನ ಕ್ರಮ ಮಸಿ, ಮಹಡಿ, ಮಳೆ. ಹಾಗಾಗಿ ಸೂಚಿ ಕಟ್ಟುವ ಮುಂಚೆಯೇ ಅಕಾರಾದಿ ಗೊತ್ತುಮಾಡಬೇಕು. ಕಟ್ಟಿದ ಮೇಲೆ ಆ ನಿಯಮ ಬದಲಾದರೆ, ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್‌ನಿಂದಲೂ ಹಾಗಾಗುವುದುಂಟು, ಹುಡುಕಾಟ ತಪ್ಪು ಕೊಂಬೆಗೆ ಇಳಿದು ಇರುವ ಸಾಲನ್ನೇ ‘ಇಲ್ಲ’ ಎನ್ನುತ್ತದೆ. ಆಗ ಸೂಚಿಯನ್ನು ಮತ್ತೆ ಕಟ್ಟಬೇಕು. ಅದಕ್ಕೆ ‘ಪುನಃಸೂಚೀಕರಣ’ ಎಂದು ಬರೆದದ್ದು ಕಂಡಿದ್ದೇನೆ. ‘ಮರುಸೂಚಿ’ ಎಂದರೆ ಸಾಲದೇ?