ಹೊಸ ಸ್ಟುಡಿಯೋಗೆ ಅಡೋಬಿಯ ಯಾವ ಪ್ಲಾನ್ ಸಾಕು?

ಪ್ರಶ್ನೆ (ಚಿತ್ರದುರ್ಗ): ಸಣ್ಣ ಫೋಟೋ ಸ್ಟುಡಿಯೋ ಶುರು ಮಾಡುತ್ತಿದ್ದೇನೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಫೋಟೋ. ಆಗಾಗ ಫ್ಲೆಕ್ಸ್ ಡಿಸೈನ್ ಕೂಡ ಕೇಳುತ್ತಾರೆ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಚಂದಾ ಕಟ್ಟಬೇಕು. ಅಡೋಬಿ ಕಂಪನಿಯಲ್ಲಿ ಫೋಟೋಗ್ರಫಿ ಪ್ಲಾನ್, ಸಿಂಗಲ್ ಆ್ಯಪ್, ಎಲ್ಲಾ ಆ್ಯಪ್ ಇರುವ ದೊಡ್ಡ ಪ್ಲಾನ್ ಅಂತ ಕಾಣುತ್ತಿವೆ. ದೊಡ್ಡದನ್ನೇ ತಗೊಂಡರೆ ತಲೆನೋವಿಲ್ಲ ಅಂತ ಪರಿಚಯದವರೊಬ್ಬರು ಹೇಳಿದರು. ಬಳಸಿದವರು ಹೇಳಿ.

ಮದುವೆ ಫೋಟೋಗ್ರಾಫರ್, ಹಾಸನ: ಸುಮ್ನೆ ದೊಡ್ಡದಕ್ಕೆ ದುಡ್ಡು ಹಾಕಬೇಡಿ ಸರ್. ಇಪ್ಪತ್ತಕ್ಕೂ ಜಾಸ್ತಿ ಆ್ಯಪ್ ಕೊಡುತ್ತಾರೆ, ನಿಜ. ಅದರಲ್ಲಿ ನೀವು ತೆರೆಯುವುದು ಎಷ್ಟು? ನನ್ನ ಕೆಲಸ ಪೂರ್ತಿ ಫೋಟೋಗ್ರಫಿ ಪ್ಲಾನ್‌ನಲ್ಲೇ ನಡೆಯುತ್ತದೆ. ಫೋಟೋಶಾಪ್, ಲೈಟ್‌ರೂಮ್, ಲೈಟ್‌ರೂಮ್ ಕ್ಲಾಸಿಕ್ ಮೂರೂ ಅದರಲ್ಲಿವೆ. ರಾ ಫೈಲ್‌ಗಳ (ಕ್ಯಾಮೆರಾ ಕೊಡುವ ಮೂಲ ಫೈಲ್) ಕಲರ್ ಸರಿ ಮಾಡುವುದು ಕ್ಲಾಸಿಕ್‌ನಲ್ಲಿ. ಕರಿಜ್ಮಾ (ಪುಸ್ತಕದ ಹಾಗೆ ಪ್ರಿಂಟ್ ಆಗುವ) ಆಲ್ಬಮ್ ಶೀಟ್ ಜೋಡಿಸುವುದು ಫೋಟೋಶಾಪ್‌ನಲ್ಲಿ, ಟೆಂಪ್ಲೇಟ್‌ಗಳೆಲ್ಲ ಅದರ ಪಿಎಸ್‌ಡಿ ಫೈಲ್ ರೂಪದಲ್ಲೇ ಸಿಗುತ್ತವೆ ಅಲ್ವಾ.

ಫೋಟೋಶಾಪ್ ಒಂದೇ ಸಾಕು ಅಂತ ಸಿಂಗಲ್ ಆ್ಯಪ್‌ಗೆ ಹೋಗುವ ಮುಂಚೆ ಎರಡರ ಬೆಲೆಯನ್ನೂ ಹೋಲಿಸಿ. ನಾನು ತಗೊಂಡಾಗ ಒಂದು ಆ್ಯಪ್‌ಗೇ ಜಾಸ್ತಿ ಇತ್ತು! ಹಳಬರು 20 ಜಿಬಿ ಕ್ಲೌಡ್ ಜಾಗದ ಅಗ್ಗದ ಫೋಟೋಗ್ರಫಿ ಪ್ಲಾನ್ ಬಗ್ಗೆ ಹೇಳಬಹುದು. 2025ರ ಜನವರಿ 15ರಿಂದ ಹೊಸಬರಿಗೆ ಅದು ಇಲ್ಲ, 1 ಟಿಬಿಯದೇ ಗತಿ.

ಇನ್ನೊಂದು ವಿಷಯ. ಎರಡು ಕಂಪ್ಯೂಟರ್‌ನಲ್ಲಿ ಲಾಗಿನ್ ಆಗಬಹುದು, ಆದರೆ ಒಂದು ಸಲಕ್ಕೆ ಒಂದರಲ್ಲಿ ಮಾತ್ರ ಕೆಲಸ. ಎಡಿಟಿಂಗ್‌ಗೆ ಹುಡುಗನನ್ನು ಇಟ್ಟುಕೊಂಡರೆ ಅವನಿಗೆ ಬೇರೆ ಲೈಸೆನ್ಸ್ ಬೇಕು.

ಫ್ಲೆಕ್ಸ್ ಪ್ರಿಂಟಿಂಗ್, ದಾವಣಗೆರೆ: ಫ್ಲೆಕ್ಸ್‌ನಂಥ ಡಿಸೈನ್‌ಗೆ ಬಳಸುವ ಅಡೋಬಿಯ ಇಲಸ್ಟ್ರೇಟರ್ ಫೋಟೋಗ್ರಫಿ ಪ್ಲಾನ್‌ನಲ್ಲಿ ಬರಲ್ಲ. ಆದರೆ ಫ್ಲೆಕ್ಸ್‌ಗೋಸ್ಕರ ಮೇಲಿನ ಪ್ಲಾನ್‌ಗೆ ಹೋಗುವುದು ನನಗೆ ಸರಿ ಕಾಣಲ್ಲ. ನಾವು ಕೂರುವುದು ಕೋರೆಲ್‌ಡ್ರಾ ಅನ್ನುವ ಬೇರೆ ಡಿಸೈನ್ ಸಾಫ್ಟ್‌ವೇರ್ ಮುಂದೆ. ನೀವು ಪಿಡಿಎಫ್ ಕಳಿಸಿದರೆ ನಮಗೆ ಸಾಕು. ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಅದು ಪ್ಲಾನ್ ತಪ್ಪಲ್ಲ. ಫೋಟೋಶಾಪ್‌ನ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಅಂತ ಇರುವ ಆಯ್ಕೆ ಆರಿಸಿ ನೋಡಿ.

ವಿಡಿಯೋ ಎಡಿಟರ್, ಬೆಂಗಳೂರು: ಅಡೋಬಿಯ ವಿಡಿಯೋ ಆ್ಯಪ್‌ಗಳಾದ ಪ್ರೀಮಿಯರ್ ಮತ್ತು ಆಫ್ಟರ್ ಎಫೆಕ್ಟ್ಸ್ ಎರಡೂ ದಿನಾ ಬೇಕಾದವರಿಗೆ ದೊಡ್ಡ ಪ್ಲಾನ್. ಮದುವೆ ಹೈಲೈಟ್ ಮಾತ್ರ ಅಂದರೆ ಡಾವಿಂಚಿ ರಿಸಾಲ್ವ್ ಅನ್ನುವ ಬೇರೆ ಕಂಪನಿಯ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲೇ ಮುಗಿಸಬಹುದು.

ಚಂದಾ ನಿಲ್ಲಿಸಿದವರು, ಮೈಸೂರು: ಒಳಗೆ ಹೋಗುವ ಬಾಗಿಲ ಬಗ್ಗೆ ಎಲ್ಲರೂ ಹೇಳಿದಿರಿ, ಹೊರಗೆ ಬರುವುದರ ಬಗ್ಗೆಯೂ ಕೇಳಿ. ತಿಂಗಳು ತಿಂಗಳು ದುಡ್ಡು ಹೋಗುತ್ತದೆ ಅಂದ ಮಾತ್ರಕ್ಕೆ ಅದು ತಿಂಗಳ ಪ್ಲಾನ್ ಅಲ್ಲ. ಸಾಮಾನ್ಯವಾಗಿ ಅದು ವರ್ಷದ ಒಪ್ಪಂದ, ತಿಂಗಳ ಕಂತು. ಮೊದಲ 14 ದಿನ ಬಿಟ್ಟು ನಡುವೆ ನಿಲ್ಲಿಸಿದರೆ ಶುಲ್ಕ ಬೀಳಬಹುದು. 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಅಡೋಬಿ ಮೇಲೆ ಕೇಸು ಹಾಕಿದ್ದೇ ಇದಕ್ಕೆ. ಈ ಶುಲ್ಕವನ್ನು ಸರಿಯಾಗಿ ತೋರಿಸುತ್ತಿಲ್ಲ ಅನ್ನುವುದು ಆಗಿನ ಆರೋಪ.

ದುಡ್ಡು ನಿಂತ ಮೇಲೆ ಫೋಟೋಶಾಪ್ ಪೂರ್ತಿ ಬಂದ್. ಲೈಟ್‌ರೂಮ್ ಕ್ಲಾಸಿಕ್ ಮಾತ್ರ ತೆರೆಯುತ್ತದೆ: ಫೋಟೋ ಹುಡುಕಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಆದರೆ ಫೋಟೋ ತಿದ್ದುವ ಡೆವಲಪ್ ಭಾಗಕ್ಕೆ ಬೀಗ. ಹಾಗಾಗಿ ಮುಗಿದ ಆಲ್ಬಮ್‌ಗಳನ್ನು ಪಿಎಸ್‌ಡಿ ಜೊತೆಗೆ ಜೆಪೆಗ್ ಅಥವಾ ಟಿಫ್ ಆಗಿಯೂ ಇಡಿ.

ವರ್ಷದ ದುಡ್ಡು ಒಮ್ಮೆಗೇ ಕಟ್ಟುವವರಿಗೆ: ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 15,000 ರೂಪಾಯಿಗಿಂತ ಜಾಸ್ತಿ ಇದ್ದರೆ ಆಟೋ ಡೆಬಿಟ್‌ಗೆ ಓಟಿಪಿ ಬೇಕು. ಮೆಸೇಜ್ ಗಮನಿಸದಿದ್ದರೆ ಚಂದಾ ಅಲ್ಲೇ ನಿಲ್ಲಬಹುದು. ಮದುವೆ ಸೀಸನ್‌ನಲ್ಲಿ ಹಾಗಾದರೆ ಕಷ್ಟ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಫೋಟೋಗ್ರಫಿ ಪ್ಲಾನೇ ನೋಡುತ್ತೇನೆ. ತಂಗಿ ಡಿಗ್ರಿ ಓದುತ್ತಿದ್ದಾಳೆ, ಅವಳ ಹೆಸರಲ್ಲಿ ಸ್ಟೂಡೆಂಟ್ ಪ್ಲಾನ್ ತಗೊಳ್ಳಬಹುದಾ? ಅಫಿನಿಟಿ ಅನ್ನುವ ಬೇರೆ ಡಿಸೈನ್ ಸಾಫ್ಟ್‌ವೇರ್ ಉಚಿತ ಅಂತಲೂ ಕೇಳಿದೆ.

ಹಾಸನದವರು: ಸ್ಟೂಡೆಂಟ್ ಪ್ಲಾನ್ ಓದುವವರಿಗೆ ಮಾತ್ರ. ಅವಳ ಲಾಗಿನ್‌ನಲ್ಲಿ ನೀವು ಸ್ಟುಡಿಯೋ ನಡೆಸುವ ಹಾಗಿಲ್ಲ. ಮೇಲಾಗಿ ಆ ಕಡಿಮೆ ಬೆಲೆ ಮೊದಲ ವರ್ಷಕ್ಕಷ್ಟೇ. ಅಫಿನಿಟಿ 2025ರ ಅಕ್ಟೋಬರ್‌ನಿಂದ ಉಚಿತ, ಎಐ ಸೌಲಭ್ಯಕ್ಕೆ ಮಾತ್ರ ಅದರ ಮಾಲೀಕ ಕಂಪನಿ ಕ್ಯಾನ್ವಾದ ಚಂದಾ ಬೇಕು. ಇಳಿಸಿಕೊಂಡು ಮೊದಲು ಒಂದು ಲಗ್ನಪತ್ರಿಕೆ ಟೈಪ್ ಮಾಡಿ, ಒತ್ತಕ್ಷರ ಸರಿ ಬರುತ್ತದಾ ನೋಡಿ. ಆಮೇಲೆ ನಿಮ್ಮ ಆಲ್ಬಮ್ ಟೆಂಪ್ಲೇಟ್ ಒಂದನ್ನು ತೆರೆದು ಲೇಯರ್‌ಗಳೆಲ್ಲ ಇವೆಯಾ ಅಂತ ಪರೀಕ್ಷಿಸಿ.