25 ಸಾವಿರದಲ್ಲಿ ತಂಗಿಗೆ ಲ್ಯಾಪ್‌ಟಾಪ್: ಹೊಸದೋ, ರೀಫರ್ಬಿಷ್ಡೋ?

ಕೇಳಿದವರು, ಕಲಬುರಗಿ:
ತಂಗಿ ಈ ವರ್ಷ ಬಿಸಿಎ ಸೇರಿದ್ದಾಳೆ. ಮನೆಯಲ್ಲಿ 25 ಸಾವಿರ ಹೊಂದಿಸಿದ್ದೇವೆ, ಅದರ ಮೇಲೆ ಆಗುವುದಿಲ್ಲ. ಅಷ್ಟರಲ್ಲಿ ಸೆಲೆರಾನ್ (ಇಂಟೆಲ್‌ನ ಅಗ್ಗದ ಪ್ರೊಸೆಸರ್) ಇರುವ ಹೊಸ ಲ್ಯಾಪ್‌ಟಾಪ್ ಬರುತ್ತದೆ. ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ರೀಫರ್ಬಿಷ್ಡ್, ಅಂದರೆ ಬಳಸಿದ್ದನ್ನು ರಿಪೇರಿ ಮಾಡಿ ಮಾರುವ, ಐ5 (ಸೆಲೆರಾನ್‌ಗಿಂತ ಮೇಲಿನ ಇಂಟೆಲ್ ಪ್ರೊಸೆಸರ್) ತೋರಿಸಿದರು, 21 ಸಾವಿರ. ಅಪ್ಪ ಮಾತ್ರ "ಯಾರೋ ಬಳಸಿ ಬಿಟ್ಟಿದ್ದಕ್ಕೆ ಯಾಕೆ ರೊಕ್ಕ ಹಾಕ್ತಿ" ಅನ್ನುತ್ತಾರೆ. ತಗೊಂಡವರು ಇದ್ದರೆ ಹೇಳಿ.

ಬೀದರ್‌ನಿಂದ:
ಅಣ್ಣ, ನಾನು ತಗೊಂಡು ಮೂರು ವರ್ಷ ಆಯಿತು. ಥಿಂಕ್‌ಪ್ಯಾಡ್ ಟಿ480, ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್‌ನಲ್ಲಿ 19,500 ಕೊಟ್ಟೆ. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ ಅಲ್ವಾ, ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಯಲ್ಲಿದ್ದೆ.

ಆ ಹೊಸ ಸೆಲೆರಾನ್ ಬೇಡವೇ ಬೇಡ. ಅಂಥವುಗಳಲ್ಲಿ ಎಷ್ಟೋ ಸಲ 4 ಜಿಬಿ ರ‍್ಯಾಮ್ ಇರುತ್ತದೆ, ಅದನ್ನೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ನಾಳೆ ಜಾಸ್ತಿ ಬೇಕೆಂದರೆ ಹಾಕಲು ಜಾಗವೇ ಇಲ್ಲ. ನನ್ನದರ ಕೆಳಗಿನ ಮುಚ್ಚಳ ಬಿಚ್ಚಿದರೆ ರ‍್ಯಾಮ್‌ಗೆ ಎರಡು ಸ್ಲಾಟ್. ಚಾಪೆ ಮೇಲೆ ಕೂತು ನಾನೇ ಇನ್ನೊಂದು 8 ಜಿಬಿ ಕೂರಿಸಿದೆ. ಬ್ಯಾಟರಿ ಎರಡು: ಒಂದು ಒಳಗೆ, ಇನ್ನೊಂದು ಹಿಂದುಗಡೆ. ಹಿಂದಿನದು ಹಳೇ ನೋಕಿಯಾ ಫೋನಿನ ಬ್ಯಾಟರಿ ತರಹ ಕೈಗೆ ಬರುತ್ತದೆ.

ಅಪ್ಪನಿಗೆ ಇಷ್ಟು ಹೇಳಿ: ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ನೂರಾರು ಲ್ಯಾಪ್‌ಟಾಪ್ ಒಟ್ಟಿಗೇ ಬದಲಿಸುತ್ತವೆ. ಕೆಟ್ಟಿವೆ ಅಂತಲ್ಲ, ಲೀಸ್ ಮುಗಿಯಿತು ಅಂತ. ಅವೇ ರಿಪೇರಿಯಾಗಿ, ಪರೀಕ್ಷೆಯಾಗಿ ವಾರಂಟಿ ಸಮೇತ ಬರುತ್ತವೆ. ಪಕ್ಕದ ಮನೆಯವರ ಸೆಕೆಂಡ್ ಹ್ಯಾಂಡ್‌ಗೂ ಇದಕ್ಕೂ ವ್ಯತ್ಯಾಸ ಇದೆ.

ಆದರೆ "ಐ5" ಅಂದ ಮಾತ್ರಕ್ಕೆ ಒಪ್ಪಬೇಡಿ, ಪೂರ್ತಿ ನಂಬರ್ ಓದಿ. 8350 ಅಂದರೆ 8ನೇ ತಲೆಮಾರು, 6300 ಅಂದರೆ 6ನೇದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಹಾಕಬೇಕಾದರೆ ಇಂಟೆಲ್‌ನಲ್ಲಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಬೇಕು.

ಕಲಬುರಗಿಯಿಂದಲೇ ಇನ್ನೊಬ್ಬರು:
ನನ್ನದು ಕೈ ಸುಟ್ಟುಕೊಂಡ ಕಥೆ. ಲ್ಯಾಪ್‌ಟಾಪ್ ಚೆನ್ನಾಗಿಯೇ ನಡೆಯುತ್ತಿತ್ತು. ಎರಡು ತಿಂಗಳಾದ ಮೇಲೆ ಸುಮ್ನೆ ಇರಲಾರದೆ ವಿಂಡೋಸ್ ರೀಸೆಟ್ ಮಾಡಿದೆ. ವೈಫೈಗೆ ಜೋಡಿಸಿದ ತಕ್ಷಣ ಯಾವುದೋ ಕಂಪನಿಯ ಲೋಗೋ ಬಂತು, ಕೆಳಗೆ "ನಿಮ್ಮ ಆಫೀಸ್ ಇಮೇಲ್ ಹಾಕಿ" ಅಂತ. ಹಳೇ ಕಂಪನಿ ಆ ಲ್ಯಾಪ್‌ಟಾಪನ್ನು ತನ್ನ ಪಟ್ಟಿಯಿಂದ ತೆಗೆದೇ ಇರಲಿಲ್ಲ. ಅಂಗಡಿಗೆ ಆರು ಸಲ ಅಲೆದೆ. ಕೊನೆಗೆ ಬೇರೆಯದು ಕೊಟ್ಟರು, ಮೇಲೆ 1,500 ಕಿತ್ತುಕೊಂಡು.

ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ರೀಸೆಟ್ ಮಾಡಿಸಿ. ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಮುಂದೆ ಏನು ಬರುತ್ತದೆ ನೋಡಿ. ಬಯೋಸ್‌ಗೆ (ಆನ್ ಮಾಡಿದಾಗ ವಿಂಡೋಸ್‌ಗೂ ಮುಂಚೆ ಶುರುವಾಗುವ ಪ್ರೋಗ್ರಾಂ) ಪಾಸ್‌ವರ್ಡ್ ಇದೆಯಾ, ಅದನ್ನೂ ನೋಡಿ. ಮುಕ್ಕಾಲು ಗಂಟೆ ಹಿಡಿಯಬಹುದು, ಚಹಾ ಕುಡಿಯುತ್ತಾ ಕೂತುಕೊಳ್ಳಿ. "ಅದೆಲ್ಲಾ ಯಾಕೆ ಸರ್" ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ತೆಗೆಸಿ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ (ಹೊಸದಿದ್ದಾಗಿನ ಸಾಮರ್ಥ್ಯ) 48 ಸಾವಿರ ಇದ್ದು ಫುಲ್ ಚಾರ್ಜ್ ಕೆಪ್ಯಾಸಿಟಿ (ಈಗಿನದು) 31 ಸಾವಿರ ಇದ್ದರೆ ಮೂರರಲ್ಲಿ ಒಂದು ಪಾಲು ಸವೆದಿದೆ ಅಂತ ಲೆಕ್ಕ. ಬೇಡ ಅನ್ನಬೇಕಿಲ್ಲ, ಚೌಕಾಸಿ ಮಾಡಿ.

ಯಾದಗಿರಿಯಿಂದ, ಹೈಸ್ಕೂಲ್ ಟೀಚರ್:
ತಮ್ಮಾ, ದುಡ್ಡಿನ ಮಾತು ಆಯಿತು. ಇನ್ನೊಂದು ಲೆಕ್ಕ ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಮಾಡಿಸುತ್ತೇನೆ. ಲ್ಯಾಪ್‌ಟಾಪ್ 20 ವ್ಯಾಟ್, ದಿನಕ್ಕೆ 5 ತಾಸು, ವರ್ಷಕ್ಕೆ 300 ದಿನ. 30 ಯೂನಿಟ್ ಆಯಿತು. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಅಂದರೆ ವರ್ಷಕ್ಕೆ 21 ಕೆಜಿ. ಅದೇ ಹೊಸದೊಂದನ್ನು ತಯಾರಿಸಲು, ಗಣಿಯಿಂದ ಚಿಪ್, ಪರದೆವರೆಗೆ, ತಯಾರಕರೇ ಕೊಡುವ ಲೆಕ್ಕದಲ್ಲಿ ಹಲವು ಮಾದರಿಗಳಿಗೆ 200 ಕೆಜಿ ಆಸುಪಾಸು. ಹತ್ತು ವರ್ಷ ಬಳಸಿದರೆ ಎಷ್ಟೋ, ತಯಾರಿಕೆಗೇ ಅಷ್ಟು! "ಹಳೇದು ಕರೆಂಟ್ ತಿನ್ನುತ್ತದೆ, ಹೊಸದೇ ಪರಿಸರಕ್ಕೆ ಒಳ್ಳೇದು" ಅನ್ನುವ ಮಾತು ಹಳೇ ಫ್ರಿಜ್‌ಗೆ ಸರಿ ಇರಬಹುದು, ಲ್ಯಾಪ್‌ಟಾಪ್‌ಗೆ ನಡೆಯುವುದಿಲ್ಲ.

ಕಸದ ಕಥೆ ಬೇರೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು. ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರುವುದು ನೂರಕ್ಕೆ 22ರಷ್ಟಕ್ಕೆ. ಉಳಿದಿದ್ದರಲ್ಲಿ ಎಷ್ಟೋ ಗುಜರಿ ಸೇರುತ್ತದೆ. ತಾಮ್ರಕ್ಕಾಗಿ ವೈರ್ ಸುಡುವ ವಾಸನೆ ಒಮ್ಮೆ ಕುಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲಾ ಅಪ್ಪನ ಮುಂದೆ ಹೇಳಿ ಪ್ರಯೋಜನ ಇಲ್ಲ ಬಿಡಿ, ಅವರಿಗೆ ವಾರಂಟಿ ಕಾರ್ಡ್ ತೋರಿಸಿ.

ಬೀದರ್‌ನವರು ಮತ್ತೆ:
ಒಂದು ಮರೆತೆ. ನಮ್ಮ ಕಡೆ ಬಿಸಿಲು, ಧೂಳು ಎರಡೂ ಭಾಳ. ಕಳೆದ ಏಪ್ರಿಲ್‌ನಲ್ಲಿ ನನ್ನದರ ಫ್ಯಾನ್ ಗಿರಣಿ ತರಹ ಕೂಗುತ್ತಿತ್ತು. ಬಿಚ್ಚಿಸಿದರೆ ಒಳಗೆ ಧೂಳು ಹತ್ತಿಯಂತೆ ಗಟ್ಟಿಯಾಗಿ ಕೂತಿತ್ತು. ಕ್ಲೀನ್ ಮಾಡಿ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಬಿಸಿ ಹೊರಹೋಗಲು ಹಚ್ಚುವ ಲೇಪ) ಹಾಕಿದರು, 400 ಆಯಿತು. ನೀವು ತಗೊಳ್ಳುವಾಗಲೇ ಮಾಡಿಸಿಕೊಳ್ಳಿ.

ಕೇಳಿದವರು, ನಾಲ್ಕು ದಿನದ ಮೇಲೆ:
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನನ್ನೇ ಕರೆದುಕೊಂಡು ಹೋದೆ. 21 ಸಾವಿರದ ಆ ಐ5 ನೋಡಿದರೆ 6ನೇ ತಲೆಮಾರಿನದು! ಬಿಟ್ಟೆವು. ಬೇರೆ ಅಂಗಡಿಯಲ್ಲಿ ಎಲೈಟ್‌ಬುಕ್ 840 ಜಿ5, 8ನೇದು, 16 ಜಿಬಿ, ಒಂದು ವರ್ಷ ವಾರಂಟಿ. 24 ಹೇಳಿದರು. ಬ್ಯಾಟರಿ ರಿಪೋರ್ಟ್ ತೋರಿಸಿ ಅಪ್ಪನೇ 22,800ಕ್ಕೆ ಇಳಿಸಿದರು. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿದ್ದೂ ಅವರೇ. ರೀಸೆಟ್ ಆಗುವಷ್ಟರಲ್ಲಿ ಎರಡು ಚಹಾ ಆಯಿತು, ಯಾವ ಕಂಪನಿ ಲೋಗೋನೂ ಬರಲಿಲ್ಲ.

ಸ್ಪೇಸ್ ಬಾರ್ ಬಲಗಡೆ ಮಾತ್ರ ಸವೆದು ಹೊಳೆಯುತ್ತದೆ. "ಮೊದಲಿನವರು ಬಲಗೈ ಹೆಬ್ಬೆರಳಿನಲ್ಲೇ ಹೊಡೀತಿದ್ದರು ಅನ್ನಿಸುತ್ತೆ" ಅಂದಳು ತಂಗಿ.