ಪುಟ್ಟಿ ಪತ್ರಿಕೋದ್ಯಮ ಓದಲಿ, ಅಣ್ಣಾ

ಅಣ್ಣಾ, ನೀವು ರಾತ್ರಿ ಮನೆಯವರ ಗ್ರೂಪಿಗೆ ಕಳಿಸಿದ ವಾಯ್ಸ್ ಮೆಸೇಜನ್ನು ಈಗ ಕೇಳಿದೆ. ಪುಟ್ಟಿಗೆ ಪಿಯುಸಿ ಮುಗೀತು, ಪತ್ರಿಕೋದ್ಯಮವೇ ಬೇಕು ಅಂತ ಹಟ ಹಿಡಿದಿದ್ದಾಳೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದರ ಕೆಳಗೆ ಚಿಕ್ಕಪ್ಪ, ಈಗ ಫೋನ್ ಇದ್ದವರೆಲ್ಲ ವರದಿಗಾರರೇ, ಅದನ್ನು ವರ್ಷಗಟ್ಟಲೆ ಓದಬೇಕಾ ಅಂದಿದ್ದಾರೆ. ನಾನೂ ಅದನ್ನೇ ಓದಿದವಳು. ಸ್ವಲ್ಪ ಉದ್ದ ಆಗುತ್ತದೆ, ಕೇಳಿಸಿಕೊಳ್ಳಿ.

ಚಿಕ್ಕಪ್ಪಾ, ನಮ್ಮ ಕಾಲೇಜಲ್ಲಿ ವಿದ್ಯಾರ್ಥಿಗಳೇ ಒಂದು ಪ್ರಾಯೋಗಿಕ ಪತ್ರಿಕೆ ತರುತ್ತಿದ್ದೆವು. ಮೊದಲ ವರ್ಷ ನಾನು ಮಾರ್ಕೆಟ್ಟಲ್ಲಿ ಹೂ ಮಾರುವ ಒಬ್ಬ ಅಮ್ಮನ ಬಗ್ಗೆ ಬರೆದೆ. ಅವರು ಮಾತಿನ ಮಧ್ಯೆ "ಯಜಮಾನ್ರು ಹೋಗಿ ಹತ್ತು ವರ್ಷ ಆಯ್ತು" ಅಂದಿದ್ದರು. ನಾನು "ಗಂಡ ಬಿಟ್ಟುಹೋಗಿ ಹತ್ತು ವರ್ಷ" ಅಂತ ಬರೆದುಬಿಟ್ಟೆ. ಅಸಲಿಗೆ ಯಜಮಾನರು ತೀರಿಹೋಗಿದ್ದರು. ಪತ್ರಿಕೆ ಕೊಡಲು ಹೋದಾಗ ಮೊಮ್ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಆ ಅಮ್ಮ ಏನೂ ಬೈಯಲಿಲ್ಲ, ಸುಮ್ನೆ ಹೂ ಕಟ್ಟುತ್ತಾ ಕೂತರು. ನಮ್ಮ ಮೇಡಂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹೋದರು ಅಂದರೆ ಏನು ಅಂತ ಕೇಳಿದೆಯಾ?" ಮಾರನೇ ದಿನ ನಾನೇ ಹೋಗಿ ಕ್ಷಮೆ ಕೇಳಿದೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆವು. ಆ ಪ್ರಶ್ನೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಫೋನ್ ಯಾರ ಕೈಯಲ್ಲಾದರೂ ಇರಬಹುದು. ಇನ್ನೊಂದು ಸಲ ಕೇಳುವ ಅಭ್ಯಾಸವನ್ನು ಯಾರಾದರೂ ಕಲಿಸಬೇಕು.

ಪುಟ್ಟಿಗೆ ಆ ಬುದ್ಧಿ ಈಗಲೇ ಇದೆ. ಹೋದ ತಿಂಗಳು ರೇಷನ್ ಕಾರ್ಡ್ ರದ್ದಾಗುತ್ತದೆ ಅಂತ ಇದೇ ಗ್ರೂಪಿಗೆ ಒಂದು ಮೆಸೇಜ್ ಬಂದಾಗ ನಾವೆಲ್ಲ ಗಾಬರಿಯಾದೆವು. ತಾಲ್ಲೂಕು ಕಚೇರಿಗೆ ಫೋನ್ ಮಾಡಿ ಸುಳ್ಳು ಅಂತ ತಿಳಿದುಕೊಂಡವಳು ಅವಳೊಬ್ಬಳೇ ಅಲ್ವಾ?

ಚಿಕ್ಕಪ್ಪ ಬೆಳಿಗ್ಗೆ ಎದ್ದ ಕೂಡಲೇ ರೇಡಿಯೋ ಹಾಕುತ್ತಾರೆ. ಆ ರೇಡಿಯೋಗೂ ಕಾಲೇಜಿಗೂ ಹಳೇ ನಂಟಿದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೋ ಕೇಂದ್ರ ಶುರುಮಾಡಿದರು. ಅದನ್ನೇ ಆಕಾಶವಾಣಿ ಅಂತ ಕರೆದರು. ಪಾಠ ಮಾಡುವ ಮೇಷ್ಟರು ಮಾಡಿದ ಕೆಲಸ ಅದು! ಈಗಲೂ ಕೆಲವು ಕಾಲೇಜುಗಳಲ್ಲಿ ಸಮುದಾಯ ರೇಡಿಯೋ ಇದೆ. ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ ರೇಡಿಯೋ ಸಾರಂಗ್ 107.8 ಇದೆ. ಕನ್ನಡ, ತುಳು, ಕೊಂಕಣಿ ಎಲ್ಲ ಅದರಲ್ಲಿ ಕೇಳಿಸುತ್ತದೆ.

ಪಾಠದ ಜೊತೆ ಇಂಥ ಕೆಲಸವನ್ನೂ ಮಕ್ಕಳ ಕೈಯಲ್ಲಿ ಮಾಡಿಸುವ ಕಾಲೇಜು ಬೇಕು. ಅದಕ್ಕೇ ಅಣ್ಣಾ, ಕಾಲೇಜು ನೋಡಲು ಹೋದಾಗ ಕಟ್ಟಡ, ಸ್ಟುಡಿಯೋ ನೋಡಿ ಮರುಳಾಗಬೇಡಿ. ಹೋದ ವರ್ಷ ಮಕ್ಕಳು ತಂದ ಪತ್ರಿಕೆ ತೋರಿಸಿ ಅನ್ನಿ. ಕ್ಯಾಮೆರಾ ಮಕ್ಕಳ ಕೈಗೆ ಸಿಗುತ್ತದಾ, ಬೀರುವಿನಲ್ಲೇ ಇರುತ್ತದಾ ಅಂತ ಅಲ್ಲಿಯ ಹುಡುಗರನ್ನೇ ಕೇಳಿ. ಮಾಧ್ಯಮ ಕಾನೂನನ್ನು ಯಾರು ಪಾಠ ಮಾಡುತ್ತಾರೆ ಅಂತಲೂ ಕೇಳಿ. ಮಾನನಷ್ಟ ಅಂದರೇನು ಅಂತ ಗೊತ್ತಿಲ್ಲದೆ ವರದಿ ಬರೆಯಬಾರದು.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ಶುರುವಿನಲ್ಲಿ ಕಡಿಮೆ, ರಾತ್ರಿ ಪಾಳಿ ಜಾಸ್ತಿ. ಹಬ್ಬಕ್ಕೆ ರಜೆ ಸಿಗದೆ ನಾನು ಅತ್ತದ್ದೂ ಇದೆ. ಆದರೆ ದಾರಿ ಪೇಪರ್, ಟಿವಿ ಎರಡೇ ಅಲ್ಲ. ನನ್ನ ಜೊತೆ ಓದಿದವರು ಜಾಹೀರಾತು, ಅನುವಾದ, ಆಸ್ಪತ್ರೆಯ ಆರೋಗ್ಯ ಪ್ರಚಾರ, ಮೇಷ್ಟರ ಕೆಲಸ ಅಂತ ಎಲ್ಲೆಲ್ಲೋ ಇದ್ದಾರೆ. ಕನ್ನಡವನ್ನು ತಪ್ಪಿಲ್ಲದೆ, ಸರಳವಾಗಿ ಬರೆಯಬಲ್ಲವರನ್ನು ಎಲ್ಲ ಕಡೆಯೂ ಹುಡುಕುತ್ತಾರೆ. ಇಂಗ್ಲಿಷ್ ಕೂಡ ಬೇಕು, ಅದನ್ನು ಮೊದಲ ವರ್ಷದಿಂದಲೇ ಗಟ್ಟಿ ಮಾಡಿಕೊಳ್ಳಲಿ.

ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ, ಅವಳನ್ನು ಕರೆದುಕೊಂಡು ಬನ್ನಿ. ಬರುವ ಮುಂಚೆ ನಮ್ಮೂರ ಕೆರೆ ಹೂಳೆತ್ತುವ ಕೆಲಸ ಯಾಕೆ ನಿಂತಿದೆ ಅಂತ ಮೂರು ಜನರನ್ನು ಕೇಳಿ ಒಂದು ಪುಟ ಬರೆಯಲು ಹೇಳಿ. ಪಂಚಾಯಿತಿಯವರು, ಕೆರೆ ಕೆಳಗೆ ಗದ್ದೆ ಇರುವವರು, ಮೀನು ಹಿಡಿಯುವವರು. ಇಬ್ಬರೂ ಕೂತು ಓದುತ್ತೇವೆ.